ಗಂಟಲಲ್ಲಿ ನಿಂತ ತುತ್ತು: ಅನ್ನನಾಳದ ಕ್ಯಾನ್ಸರ್ ಮತ್ತು ಪ್ರೋಟೀನ್‌ಗಳ ಸಾಕ್ಷ್ಯ

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದು ನವಲಗುಂದದ ಎರೆಹೊಲಗಳ ನಡುವಿನ ಹಳ್ಳಿಯಲ್ಲಿರಬಹುದು, ಕುಂದಗೋಳದಲ್ಲಿರಬಹುದು, ಅಣ್ಣಿಗೇರಿಯಲ್ಲೋ ಕಲಘಟಗಿಯಲ್ಲೋ ಇರಬಹುದು. ಅರವತ್ತು ದಾಟಿದ ಮಾವ ಊಟಕ್ಕೆ ಕುಳಿತಿದ್ದಾರೆ. ಸೊಸೆ ಜೋಳದ ರೊಟ್ಟಿ ಬಡಿಸುತ್ತಾಳೆ. ಹಿಂದೆ ಖಡಕ್ ರೊಟ್ಟಿಯನ್ನೇ ಮುರಿದು ತಿನ್ನುತ್ತಿದ್ದವರು ಈಗ ಬಿಸಿರೊಟ್ಟಿಯನ್ನೂ ಸಾರಿನಲ್ಲಿ ನೆನೆಸುತ್ತಾರೆ. ಒಂದೊಂದು ತುತ್ತಿಗೂ ನೀರು ಕುಡಿಯುತ್ತಾರೆ. ಕೆಲವು ವಾರ ಕಳೆದ ಮೇಲೆ, "ರೊಟ್ಟಿ ಬ್ಯಾಡ ಬೇಟಿ, ಒಂದೀಟು ಗಂಜಿ ಮಾಡಿಕೊಡು, ಎದಿಯಾಗ ಸಿಕ್ಕಂಗ ಆಗತೈತಿ" ಎನ್ನುತ್ತಾರೆ.

ಮನೆಯವರು ಏನು ಹೇಳುತ್ತಾರೆ? ವಯಸ್ಸಾಯಿತು, ಹಲ್ಲು ಬಿದ್ದಿವೆ, ಪಿತ್ತ ಆಗಿದೆ, ಗ್ಯಾಸ್ ಇರಬೇಕು. ಔಷಧಿ ಅಂಗಡಿಯಿಂದ ಗುಳಿಗೆ ಬರುತ್ತದೆ. ಎರಡು ತಿಂಗಳು ಹೋಗುತ್ತದೆ. ಗಂಜಿಯೂ ಇಳಿಯದೆ ಹೋದಾಗ ಹುಬ್ಬಳ್ಳಿಯ ಬಸ್ಸು ಹತ್ತುತ್ತಾರೆ. ಎಂಡೋಸ್ಕೋಪಿ ಆಗುತ್ತದೆ, ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅನ್ನನಾಳದ ಕ್ಯಾನ್ಸರ್ ಎಂಬ ವರದಿ ಬರುತ್ತದೆ. ಅದರ ಹಿಂದೆಯೇ ಇನ್ನೊಂದು ಕಾಗದ. ಅದರಲ್ಲಿ ಪಿಡಿ-ಎಲ್1, ಹರ್2, ಅಲ್ಬುಮಿನ್ ಎಂಬ ಹೆಸರುಗಳು, ಮುಂದೆ ಅಂಕಿಗಳು. ಮಗ ಅದನ್ನು ಹಿಡಿದುಕೊಂಡು ಡಾಕ್ಟರರ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: "ಅಬ್ಬಾಗ ಇನ್ನ ಎಷ್ಟು ದಿನ ಅಂತ ಇದರಾಗ ಬರದೈತೇನ್ರೀ?"

ಈ ಮನೆ ಕಲ್ಪನೆಯದು. ಆದರೆ ಈ ಪ್ರಶ್ನೆ ಕ್ಯಾನ್ಸರ್ ಹೊಕ್ಕ ಪ್ರತಿಯೊಂದು ಮನೆಯದು. ಆ ಕಾಗದದಲ್ಲಿ ನಿಜವಾಗಿ ಏನಿರುತ್ತದೆ? ಅದು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು? ಅದನ್ನು ತಿಳಿದುಕೊಂಡರೆ ದುಡ್ಡು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಮಾಡಬಾರದು ಎಂಬುದೂ ತಿಳಿಯುತ್ತದೆ.

ಸದ್ದಿಲ್ಲದೆ ಬೆಳೆಯುವ ರೋಗ

ಗಂಟಲಿನಿಂದ ಹೊಟ್ಟೆಗೆ ಅನ್ನ ಇಳಿಯುವ ಕೊಳವೆಯೇ ಅನ್ನನಾಳ. ಉದ್ದ ಸುಮಾರು 25 ಸೆಂಟಿಮೀಟರ್. ಇದು ಹಿಗ್ಗುವ ಕೊಳವೆ. ಒಳಗೆ ಗಡ್ಡೆ ಬೆಳೆಯತೊಡಗಿದರೂ ಕೊಳವೆ ಹಿಗ್ಗಿ ತುತ್ತಿಗೆ ದಾರಿ ಮಾಡಿಕೊಡುತ್ತದೆ. ದಾರಿ ಬಹಳಷ್ಟು ಕಿರಿದಾದ ಮೇಲೆಯೇ ತುತ್ತು ಸಿಕ್ಕಿಕೊಳ್ಳುವುದು. ಮೊದಲು ರೊಟ್ಟಿ, ಮಾಂಸದಂತಹ ಗಟ್ಟಿ ಪದಾರ್ಥ, ಆಮೇಲೆ ಅನ್ನ, ಕೊನೆಗೆ ನೀರು ಕೂಡ ಇಳಿಯುವುದಿಲ್ಲ. ಆದ್ದರಿಂದಲೇ ಈ ರೋಗ ಹೆಚ್ಚಾಗಿ ತಡವಾಗಿ ಪತ್ತೆಯಾಗುತ್ತದೆ. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 5 ಲಕ್ಷ 11 ಸಾವಿರ ಮಂದಿಗೆ ಈ ಕ್ಯಾನ್ಸರ್ ಬಂದಿತು, ಸುಮಾರು 4 ಲಕ್ಷ 45 ಸಾವಿರ ಮಂದಿ ಇದರಿಂದ ಸತ್ತರು ಎಂಬುದು ಅಂದಾಜು. ಭಾರತದಲ್ಲಿ ಆ ವರ್ಷ ಕಾಣಿಸಿಕೊಂಡ ಹೊಸ ರೋಗಿಗಳು ಸುಮಾರು 70 ಸಾವಿರ.

ಇದರಲ್ಲಿ ಮುಖ್ಯವಾಗಿ ಎರಡು ವಿಧ. ಅನ್ನನಾಳದ ಒಳಮೈಯ ಚಪ್ಪಟೆ ಕೋಶಗಳಲ್ಲಿ ಹುಟ್ಟುವುದು ಸ್ಕ್ವಾಮಸ್ ಕ್ಯಾನ್ಸರ್. ನಮ್ಮ ದೇಶದಲ್ಲಿ ಇದೇ ಹೆಚ್ಚು. ಹೊಟ್ಟೆ ಸೇರುವ ಕೆಳತುದಿಯಲ್ಲಿ ಗ್ರಂಥಿಕೋಶಗಳಿಂದ ಹುಟ್ಟುವುದು ಅಡಿನೋಕಾರ್ಸಿನೋಮಾ. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚು. ಎರಡಕ್ಕೂ ಔಷಧಿ ಬೇರೆ ಬೇರೆ ಆಗಬಹುದು. ಆದ್ದರಿಂದ ವರದಿಯಲ್ಲಿ ಮೊದಲು ನೋಡಬೇಕಾದುದು ಯಾವ ವಿಧ ಎಂಬುದನ್ನು.

ಪ್ರೋಟೀನ್ ಎಂಬ ಸಾಕ್ಷಿ

ಪ್ರೋಟೀನ್ ಎಂದೊಡನೆ ನಮಗೆ ಬೇಳೆ, ಮೊಟ್ಟೆ ನೆನಪಾಗುತ್ತವೆ. ಆದರೆ ದೇಹದ ಪ್ರತಿಯೊಂದು ಜೀವಕೋಶವೂ ತನ್ನ ಕೆಲಸಕ್ಕಾಗಿ ಸಾವಿರಾರು ಬಗೆಯ ಪ್ರೋಟೀನ್‌ಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕೋಶ ಕೆಟ್ಟು ಕ್ಯಾನ್ಸರ್ ಆದಾಗ ಕೆಲವು ಪ್ರೋಟೀನ್‌ಗಳು ಅತಿಯಾಗುತ್ತವೆ, ಕೆಲವು ಕಡಿಮೆಯಾಗುತ್ತವೆ.

ನವಲಗುಂದದ ಜಮಖಾನೆಯನ್ನು ನೀವು ನೋಡಿರಬಹುದು. ತಲೆತಲಾಂತರದಿಂದ ಮುಸ್ಲಿಂ ಹೆಂಗಸರು ಮಗ್ಗದ ಮುಂದೆ ಕುಳಿತು ನೇಯುತ್ತಾ ಬಂದಿರುವ ಆ ಹಾಸುಗಳಲ್ಲಿ ಒಂದು ಎಳೆ ಬಣ್ಣ ತಪ್ಪಿದರೂ ಪಳಗಿದ ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ. ರೋಗಶಾಸ್ತ್ರದ ಡಾಕ್ಟರರು ಮಾಡುವುದೂ ಅದನ್ನೇ. ರೋಗಿಯಿಂದ ತೆಗೆದ ಮಾಂಸದ ತೆಳು ಪದರಕ್ಕೆ ವಿಶೇಷ ಬಣ್ಣ ಹಾಕಿ ಯಾವ ಪ್ರೋಟೀನ್ ಎಷ್ಟಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೀಗೆ ರೋಗದ ಗುಣವನ್ನು ತಿಳಿಸಿಕೊಡುವ ಪ್ರೋಟೀನನ್ನು ಬಯೋಮಾರ್ಕರ್ ಎನ್ನುತ್ತಾರೆ. ನಾವು ಅದನ್ನು ಸೂಚಕ ಎನ್ನೋಣ.

ಬೆಂಗಳೂರಿನ ಹುಡುಕಾಟ

ಈ ಸೂಚಕಗಳ ಹುಡುಕಾಟ ನಮ್ಮ ರಾಜ್ಯದಲ್ಲಿಯೂ ನಡೆದಿದೆ. ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಉತ್ತರ ಕರ್ನಾಟಕದವರಿಗೂ ಪರಿಚಿತ ಹೆಸರು. ಅಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆದು ಬಂದಿದೆ. ಹೆಂಗಸರನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ಸ್ತನ, ಗರ್ಭಕಂಠಗಳ ನಂತರದ ಸಾಲಿನಲ್ಲಿ ಅನ್ನನಾಳವೂ ಇದೆ ಎಂಬುದನ್ನು ವರ್ಷಗಳ ಕಾಲ ತೋರಿಸಿದ್ದು ಈ ನೋಂದಣಿಯೇ. "ಅದು ಬೀಡಿ ಸೇದುವ ಗಂಡಸರ ರೋಗ" ಎಂಬ ಮಾತು ಸರಿಯಲ್ಲ.

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ಸಂಶೋಧಕರು ಮತ್ತು ಅವರ ಸಂಗಡಿಗರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ಕ್ವಾಮಸ್ ವಿಧದ ಅನ್ನನಾಳ ಕ್ಯಾನ್ಸರ್ ಇದ್ದ 10 ರೋಗಿಗಳ ಗಡ್ಡೆಯನ್ನೂ ಅದರ ಪಕ್ಕದ ಆರೋಗ್ಯವಂತ ಮಾಂಸವನ್ನೂ ಹೋಲಿಸಿ ನೋಡಿದರು. ಗುರುತಿಸಲು ಸಿಕ್ಕ ಪ್ರೋಟೀನ್‌ಗಳು 687. ಅವುಗಳಲ್ಲಿ 257ರ ಪ್ರಮಾಣ ಗಡ್ಡೆಯಲ್ಲಿ ಬದಲಾಗಿತ್ತು. ಪ್ರೋಸಪೋಸಿನ್, ಪ್ಲೆಕ್ಟಿನ್ ಮುಂತಾದ ಕೆಲವನ್ನು ಬೇರೆ ಮಾದರಿಗಳಲ್ಲಿಯೂ ಬಣ್ಣ ಹಾಕಿ ನೋಡಿ, ಗಡ್ಡೆಯಲ್ಲಿ ಅವು ಹೆಚ್ಚಾಗಿರುವುದನ್ನು ಖಚಿತಪಡಿಸಿಕೊಂಡರು.

ಇದು ದೊಡ್ಡ ಕೆಲಸ. ಆದರೆ ಇದು ಮೊದಲ ಮೆಟ್ಟಿಲು. ಗಡ್ಡೆಯಲ್ಲಿ ಒಂದು ಪ್ರೋಟೀನ್ ಹೆಚ್ಚಿದೆ ಎಂದ ಮಾತ್ರಕ್ಕೆ ಅದರಿಂದ ರೋಗಿಯ ಭವಿಷ್ಯ ಹೇಳಲು ಬರುವುದಿಲ್ಲ. ನೂರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಬೇಕು, ಬೇರೆ ಊರಿನ ರೋಗಿಗಳಲ್ಲೂ ಅದೇ ಫಲಿತಾಂಶ ಬರಬೇಕು, ಅದರಿಂದ ಚಿಕಿತ್ಸೆಯ ತೀರ್ಮಾನ ಉತ್ತಮಗೊಳ್ಳಬೇಕು. ಪಿ53, ಕೆಐ-67, ಇಜಿಎಫ್‌ಆರ್ ಎಂಬ ಪ್ರೋಟೀನ್‌ಗಳ ಮೇಲೆ ಅನೇಕ ವರ್ಷಗಳಿಂದ ಅಧ್ಯಯನ ನಡೆದಿದ್ದರೂ ಅನ್ನನಾಳದ ಕ್ಯಾನ್ಸರಿನಲ್ಲಿ ಅವುಗಳನ್ನು ನೋಡಿ ಚಿಕಿತ್ಸೆ ನಿರ್ಧರಿಸುವ ರೂಢಿ ಬಂದಿಲ್ಲ. ಮೆಟ್ಟಿಲು ಹತ್ತುವವು ಬಹಳ, ಮಾಳಿಗೆ ಮುಟ್ಟುವವು ಕೆಲವೇ.

ಮುನ್ಸೂಚನೆ ಎರಡು ಬಗೆ

ಮೇಲೆ ಬಂದವುಗಳನ್ನು ಅರ್ಥ ಮಾಡಿಕೊಳ್ಳಲು ಹೊಲದ ಹೋಲಿಕೆ ಸಾಕು. ಎರೆಭೂಮಿಯಲ್ಲಿ ತೇವ ಎಷ್ಟಿದೆ ಎಂದು ನೋಡಿ ಹಿರಿಯರು ಈ ಸಲದ ಕಡಲೆ ಹೇಗಾದೀತು ಎನ್ನುತ್ತಾರೆ. ಅದು ಒಂದು ಬಗೆಯ ಮುನ್ಸೂಚನೆ. ಈ ಮಣ್ಣಿಗೆ ಈ ಗೊಬ್ಬರ ಹತ್ತುತ್ತದೆಯೋ ಇಲ್ಲವೋ ಎಂದು ಹೇಳುವುದು ಇನ್ನೊಂದು ಬಗೆ. ಮೊದಲನೆಯದು ರೋಗದ ಜಾಡನ್ನು ಹೇಳುತ್ತದೆ. ಎರಡನೆಯದು ಇಂತಹ ಔಷಧಿ ಕೆಲಸ ಮಾಡೀತೇ ಎಂದು ಹೇಳುತ್ತದೆ. ರೋಗಿಗೆ ಹೆಚ್ಚು ಪ್ರಯೋಜನ ಎರಡನೆಯದರಿಂದ.

ಹರ್2 ಎಂಬ ಪ್ರೋಟೀನ್ ಎರಡನೆಯ ಬಗೆಯದು. ಅನ್ನನಾಳವೂ ಹೊಟ್ಟೆಯೂ ಕೂಡುವ ಜಾಗದ ಅಡಿನೋಕಾರ್ಸಿನೋಮಾದಲ್ಲಿ ಇದು ಅತಿಯಾಗಿದ್ದರೆ ಟ್ರಾಸ್ಟುಜುಮಾಬ್ ಎಂಬ ಔಷಧಿಯಿಂದ ಲಾಭವಿದೆ ಎಂಬುದು 2010ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು. ಸ್ತನ ಕ್ಯಾನ್ಸರ್ ರೋಗಿಗಳ ಮನೆಯವರಿಗೆ ಈ ಹೆಸರು ಹೊಸದಲ್ಲ.

ಪಿಡಿ-ಎಲ್1 ಇನ್ನೊಂದು. ನಮ್ಮ ರಕ್ತದಲ್ಲಿ ಕಾವಲುಗಾರ ಕೋಶಗಳಿವೆ. ಕೆಟ್ಟ ಕೋಶವನ್ನು ಕಂಡರೆ ಹೊಡೆದು ಹಾಕುವುದು ಅವುಗಳ ಕೆಲಸ. ಕೆಲವು ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಎಂಬ ಪ್ರೋಟೀನನ್ನು ಮುಖವಾಡದಂತೆ ತೊಟ್ಟು ಕಾವಲುಗಾರರನ್ನು ಮೋಸ ಮಾಡುತ್ತವೆ. ಆ ಮೋಸವನ್ನು ತಡೆಯುವ ಚುಚ್ಚುಮದ್ದುಗಳು ಈಗ ಇವೆ. 2021ರಲ್ಲಿ ಪ್ರಕಟವಾದ ಒಂದು ಅಂತಾರಾಷ್ಟ್ರೀಯ ಅಧ್ಯಯನದಲ್ಲಿ 749 ರೋಗಿಗಳಿದ್ದರು. ಎಲ್ಲರದೂ ಶಸ್ತ್ರಚಿಕಿತ್ಸೆಗೆ ಮೀರಿದ ರೋಗ. ಸ್ಕ್ವಾಮಸ್ ವಿಧದವರ ಪೈಕಿ ಪಿಡಿ-ಎಲ್1 ಅಂಕ 10 ಅಥವಾ ಹೆಚ್ಚಿದ್ದವರಿಗೆ ಕಿಮೋಥೆರಪಿಯ ಜೊತೆ ಪೆಂಬ್ರೊಲಿಜುಮಾಬ್ ಕೊಟ್ಟಾಗ ಅರ್ಧದಷ್ಟು ಮಂದಿ 13.9 ತಿಂಗಳಿಗಿಂತ ಹೆಚ್ಚು ಬದುಕಿದರು. ಕಿಮೋಥೆರಪಿ ಮಾತ್ರ ಪಡೆದವರಲ್ಲಿ ಈ ಅವಧಿ 8.8 ತಿಂಗಳು.

ಈ ಅಂಕಿಗಳನ್ನು ಕಣ್ಣು ತೆರೆದು ನೋಡಬೇಕು. ಐದು ತಿಂಗಳು ಸಣ್ಣ ಮಾತಲ್ಲ. ಆದರೆ ಈ ಔಷಧಿಯ ಬೆಲೆ ಲಕ್ಷಗಳಲ್ಲಿದೆ. ಹೊಲ ಮಾರುವ ಮುನ್ನ ಡಾಕ್ಟರರನ್ನು ನೇರವಾಗಿ ಕೇಳಿ: "ಈ ಅಂಕಕ್ಕೆ ಈ ಔಷಧಿಯಿಂದ ನಮ್ಮವರಿಗೆ ಎಷ್ಟು ಲಾಭ? ಒಟ್ಟು ಖರ್ಚು ಎಷ್ಟು? ಇದಿಲ್ಲದಿದ್ದರೆ ಬೇರೇನಿದೆ?" ಕೇಳುವುದು ಅವಮಾನವಲ್ಲ, ನಿಮ್ಮ ಹಕ್ಕು.

ಅಗ್ಗದ ಪರೀಕ್ಷೆ, ದೊಡ್ಡ ಮಾತು

ಇವೆಲ್ಲಕ್ಕಿಂತ ಅಗ್ಗವಾದ, ತಾಲೂಕು ಮಟ್ಟದಲ್ಲಿಯೂ ಮಾಡಬಹುದಾದ ಒಂದು ಪ್ರೋಟೀನ್ ಪರೀಕ್ಷೆ ಇದೆ. ಅದು ರಕ್ತದ ಅಲ್ಬುಮಿನ್. ಒಂದು ಡೆಸಿಲೀಟರ್ ರಕ್ತರಸದಲ್ಲಿ ಇದು ಸಾಮಾನ್ಯವಾಗಿ 3.5ರಿಂದ 5 ಗ್ರಾಂ ಇರಬೇಕು. ದೇಹದಲ್ಲಿ ಉರಿಯೂತ ಎಷ್ಟಿದೆ ಎಂದು ತಿಳಿಸುವ ಸಿಆರ್‌ಪಿ ಎಂಬುದು ಇನ್ನೊಂದು ಪ್ರೋಟೀನ್. ಅಲ್ಬುಮಿನ್ 3.5ಕ್ಕಿಂತ ಕೆಳಗಿಳಿದು, ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ಮೀರಿದ್ದರೆ ರೋಗಿಗೆ ಅಪಾಯ ಹೆಚ್ಚು. ಇವೆರಡನ್ನೂ ಕೂಡಿಸಿ ಲೆಕ್ಕ ಹಾಕುವ ಕ್ರಮವನ್ನು ಗ್ಲಾಸ್ಗೋ ಅಂಕ ಎನ್ನುತ್ತಾರೆ. ಅನ್ನನಾಳವೂ ಸೇರಿದಂತೆ ಹಲವು ಕ್ಯಾನ್ಸರ್‌ಗಳಲ್ಲಿ ಇದು ರೋಗದ ಜಾಡನ್ನು ಹೇಳುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಅಲ್ಬುಮಿನ್ ಕಡಿಮೆಯಾಗಲು ಊಟದ ಕೊರತೆಯೊಂದೇ ಕಾರಣವಲ್ಲ. ರೋಗದ ಉರಿಯೂತದಿಂದಲೂ, ಯಕೃತ್ತಿನ ತೊಂದರೆಯಿಂದಲೂ ಅದು ಇಳಿಯುತ್ತದೆ. ನಾಲ್ಕು ಮೊಟ್ಟೆ ತಿನ್ನಿಸಿದೊಡನೆ ಅಂಕಿ ಏರುವುದಿಲ್ಲ. ಆದರೂ ರೋಗಿಯ ತೂಕ ಮತ್ತು ಶಕ್ತಿಯನ್ನು ಕಾಪಾಡುವುದು ಚಿಕಿತ್ಸೆಯ ಅರ್ಧ ಭಾಗ. ಬಳಲಿದ ದೇಹ ಕಿಮೋಥೆರಪಿಯನ್ನೂ ಶಸ್ತ್ರಚಿಕಿತ್ಸೆಯನ್ನೂ ತಾಳಿಕೊಳ್ಳುವುದಿಲ್ಲ.

ಈ ಅರ್ಧ ಭಾಗ ಮನೆಯ ಹೆಂಗಸರ ಕೈಯಲ್ಲಿದೆ. ತಿಳಿನೀರಿನಂತಹ ಗಂಜಿ ಹೊಟ್ಟೆ ತುಂಬಿಸೀತೇ ಹೊರತು ದೇಹ ಕಾಯುವುದಿಲ್ಲ. ಅದೇ ಗಂಜಿಗೆ ಹಾಲು ಬೆರೆಸಬಹುದು. ಹೆಸರುಬೇಳೆಯನ್ನು ಚೆನ್ನಾಗಿ ಬೇಯಿಸಿ ಅರೆದು ಸೇರಿಸಬಹುದು. ಬೇಯಿಸಿದ ಮೊಟ್ಟೆಯನ್ನು ಸಾರಿನಲ್ಲಿ ನುಣ್ಣಗೆ ಅರೆಯಬಹುದು. ನುಣ್ಣಗೆ ಪುಡಿ ಮಾಡಿದ ಪುಟಾಣಿಯನ್ನೋ ಶೇಂಗಾವನ್ನೋ ಹಾಲಿನಲ್ಲಿ ಕುದಿಸಬಹುದು. ದಿನಕ್ಕೆ ಮೂರು ಊಟದ ಬದಲು ಆರೇಳು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಕುಳ್ಳಿರಿಸಿಯೇ ಕುಡಿಸಬೇಕು. ಅದೂ ಇಳಿಯದಿದ್ದರೆ ಡಾಕ್ಟರರು ಮೂಗಿನ ಮೂಲಕ ಅಥವಾ ಹೊಟ್ಟೆಗೆ ನೇರವಾಗಿ ನಳಿಕೆ ಹಾಕಲು ಹೇಳಬಹುದು. "ನಳಿಕೆ ಹಾಕಿದರೆಂದರೆ ಮುಗಿಯಿತು" ಎಂದು ಅತ್ತು ಕರೆದು ಬೇಡವೆನ್ನಬೇಡಿ. ಅನೇಕರಿಗೆ ಅದು ಚಿಕಿತ್ಸೆಯ ದಿನಗಳನ್ನು ದಾಟಿಸುವ ಸೇತುವೆ.

ದುಡ್ಡು ಕಳೆಯುವ ದಾರಿಗಳು

ಆರೋಗ್ಯವಂತರಿಗೂ "ಕ್ಯಾನ್ಸರ್ ಇದೆಯೇ ನೋಡೋಣ" ಎಂದು ರಕ್ತ ಪರೀಕ್ಷೆಯ ಪ್ಯಾಕೇಜುಗಳನ್ನು ಮಾರುವವರಿದ್ದಾರೆ. ಅನ್ನನಾಳದ ಕ್ಯಾನ್ಸರನ್ನು ಆರಂಭದಲ್ಲಿಯೇ ಹಿಡಿಯಬಲ್ಲ ಭರವಸೆಯ ರಕ್ತ ಪರೀಕ್ಷೆ ಇನ್ನೂ ಬಂದಿಲ್ಲ. ಸಿಇಎ, ಎಸ್‌ಸಿಸಿ ಮುಂತಾದ ಪ್ರೋಟೀನ್‌ಗಳು ರೋಗವಿದ್ದರೂ ಸರಿಯಾಗಿಯೇ ಇರಬಹುದು, ರೋಗವಿಲ್ಲದೆಯೂ ಏರಬಹುದು. ತುತ್ತು ಸಿಕ್ಕಿಕೊಳ್ಳುವವರಿಗೆ ಬೇಕಾದುದು ಎಂಡೋಸ್ಕೋಪಿ. ಅದಕ್ಕೆ ಬದಲಿಯಾಗಿ ರಕ್ತ ಪರೀಕ್ಷೆ ಮಾಡಿಸಿ ಸಮಾಧಾನಪಟ್ಟುಕೊಳ್ಳಬಾರದು.

ಇನ್ನೊಂದು ಕಿವಿಮಾತು. ಮಾಂಸದ ಚೂರನ್ನು ಪರೀಕ್ಷೆಗಾಗಿ ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ. ಅದನ್ನು ಬ್ಲಾಕ್ ಎನ್ನುತ್ತಾರೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವುದಾದರೆ ಆ ಬ್ಲಾಕ್ ಮತ್ತು ಗಾಜಿನ ಸ್ಲೈಡುಗಳನ್ನು ಕೇಳಿ ಪಡೆದುಕೊಂಡು ಹೋಗಿ. ಪಿಡಿ-ಎಲ್1 ಅಥವಾ ಹರ್2 ಪರೀಕ್ಷೆಯನ್ನು ಸಾಮಾನ್ಯವಾಗಿ ಅದರಲ್ಲಿಯೇ ಮಾಡಬಹುದು. ರೋಗಿಗೆ ಮತ್ತೆ ನೋವು ಕೊಡುವುದು ತಪ್ಪುತ್ತದೆ, ವಾರಗಳೂ ಉಳಿಯುತ್ತವೆ.

ನಮ್ಮ ಮನೆಯೊಳಗಿನ ಕಾರಣಗಳು

ಬೀಡಿ, ಸಿಗರೇಟು, ಮದ್ಯ ಈ ರೋಗಕ್ಕೆ ಕಾರಣ ಎಂಬುದು ಎಲ್ಲರಿಗೂ ಗೊತ್ತು. ಎಲೆ ಅಡಿಕೆಯ ಜೊತೆ ಹಾಕುವ ತಂಬಾಕು, ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ ಕೂಡ ಕಾರಣ ಎಂಬುದನ್ನು ನಮ್ಮ ಅಜ್ಜಿಯಂದಿರು ಒಪ್ಪುವುದಿಲ್ಲ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಪ್ರಕಟಿಸಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಬಂದು ಬಾಯಿಯೊಳಗೆ ಸೇರಿ ಮತ್ತೆ ಗುಟ್ಕಾ ಆಯಿತು.

ಕುದಿ ಕುದಿ ಚಹಾ ಇನ್ನೊಂದು. 65 ಡಿಗ್ರಿಗಿಂತ ಬಿಸಿಯಾದ ಪೇಯಗಳು ಅನ್ನನಾಳದ ಕ್ಯಾನ್ಸರ್ ತರುವ ಸಂಭವವಿದೆ ಎಂದು ಅದೇ ವಿಭಾಗ 2016ರಲ್ಲಿ ಹೇಳಿತು. ದೋಷ ಚಹಾದ್ದಲ್ಲ, ಬಿಸಿಯದ್ದು. ದಿನವಿಡೀ ಉಪವಾಸವಿದ್ದು ಇಫ್ತಾರ್ ಹೊತ್ತಿಗೆ ಸುಡುವ ಚಹಾವನ್ನು ಗಟಗಟನೆ ಇಳಿಸುವವರು ನಾಲ್ಕು ನಿಮಿಷ ತಡೆದರೆ ಏನೂ ನಷ್ಟವಿಲ್ಲ.

ಮೂರನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ಕಬ್ಬಿಣದ ಕೊರತೆ ಬಹುಕಾಲ ಮುಂದುವರಿದರೆ ಅಪರೂಪಕ್ಕೆ ಕೆಲವರ ಅನ್ನನಾಳದ ಮೇಲ್ಭಾಗದಲ್ಲಿ ತೆಳ್ಳಗಿನ ಪೊರೆ ಬೆಳೆದು ನುಂಗಲು ಕಷ್ಟವಾಗುತ್ತದೆ. ಇದು ಹೆಚ್ಚಾಗಿ ಹೆಂಗಸರಲ್ಲಿಯೇ ಕಾಣುತ್ತದೆ, ಮುಂದೆ ಕ್ಯಾನ್ಸರ್ ಆಗುವ ಅಪಾಯವೂ ಇದೆ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಿನ್ನುವ ತಾಯಿಗೆ ಗಂಟಲಲ್ಲಿ ಸಿಕ್ಕಂತಾದರೆ ಅವಳು ಯಾರಿಗೂ ಹೇಳುವುದಿಲ್ಲ. ಅವಳ ತಟ್ಟೆಯನ್ನು ನೋಡುವವರು ಯಾರು?

ಎಲ್ಲಿಗೆ ಹೋಗಬೇಕು?

ನುಂಗಲು ಕಷ್ಟ ಎಂಬುದು ಎರಡು ವಾರ ಮುಂದುವರಿದರೆ, ಅದರಲ್ಲೂ ತೂಕ ಇಳಿಯುತ್ತಿದ್ದರೆ, ತಡಮಾಡದೆ ತಾಲೂಕು ಆಸ್ಪತ್ರೆಗೆ ಹೋಗಿ ಎಂಡೋಸ್ಕೋಪಿಗೆ ಚೀಟಿ ಬರೆಸಿಕೊಳ್ಳಿ. ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಸಿಗುತ್ತದೆ. ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ, ಆಧಾರ್ ಮತ್ತು ರೇಷನ್ ಕಾರ್ಡು ಜೊತೆಗಿರಲಿ.

ಬೇಗ ಹೋದವರಿಗೆ ದಾರಿ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಐದು ವಾರ ಕಿಮೋಥೆರಪಿ ಮತ್ತು ವಿಕಿರಣ ಎರಡನ್ನೂ ಕೊಟ್ಟರು. ನೇರವಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಅರ್ಧದಷ್ಟು ಮಂದಿ 24 ತಿಂಗಳು ದಾಟಿದರೆ, ಇವರಲ್ಲಿ ಅರ್ಧದಷ್ಟು ಮಂದಿ 49 ತಿಂಗಳು ದಾಟಿದರು. ಸ್ಕ್ವಾಮಸ್ ವಿಧದವರಲ್ಲಿ ಸುಮಾರು ಅರ್ಧದಷ್ಟು ಮಂದಿಯ ತೆಗೆದ ಅನ್ನನಾಳದಲ್ಲಿ ಕ್ಯಾನ್ಸರ್ ಉಳಿದಿರಲೇ ಇಲ್ಲ. ಅಂಥವರು ಯಾರೆಂದು ಮೊದಲೇ ಗೊತ್ತಾದರೆ ಅವರಿಗೆ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಡವಾಗಬಹುದಲ್ಲವೇ? ವಿಜ್ಞಾನಿಗಳು ಪ್ರೋಟೀನ್‌ಗಳನ್ನು ಇಷ್ಟು ಹಟದಿಂದ ಹುಡುಕುತ್ತಿರುವುದು ಇಂತಹ ಉತ್ತರಗಳಿಗಾಗಿಯೇ.

ಈಗ ಆ ಮಗನ ಪ್ರಶ್ನೆಗೆ ಬರೋಣ. ಕಾಗದದಲ್ಲಿ ಆಯುಷ್ಯ ಬರೆದಿದೆಯೇ? ಇಲ್ಲ. ಅಲ್ಲಿರುವುದು ನೂರಾರು ರೋಗಿಗಳ ಸರಾಸರಿ. ನಿಮ್ಮ ಅಬ್ಬಾ ಆ ಸರಾಸರಿಯ ಈಚೆಗೂ ಇರಬಹುದು, ಬಹಳ ಆಚೆಗೂ ಇರಬಹುದು. ಯಾರ ಆಯುಷ್ಯ ಎಷ್ಟು ಎಂಬುದನ್ನು ಬಲ್ಲವನು ಒಬ್ಬನೇ. ಯಾವ ಔಷಧಿ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ದಾರಿ ತೋರಿಸುವುದಷ್ಟೇ ಪ್ರೋಟೀನಿನ ಕೆಲಸ. ಅದನ್ನು ಮರಣಶಾಸನವೆಂದು ಓದಬೇಡಿ, ತಾಯಿತದಂತೆ ನಂಬಲೂ ಬೇಡಿ.

ಸಹೋದರಿಯರೇ, ಪ್ರಯೋಗಾಲಯದ ಯಾವ ಸೂಚಕವೂ ಇನ್ನೂ ಹಿಡಿಯಲಾರದ ಸುಳಿವು ನಿಮ್ಮ ಅಡುಗೆಮನೆಯಲ್ಲಿ ಸಿಗುತ್ತದೆ. ಯಾರು ರೊಟ್ಟಿ ಬಿಟ್ಟು ಗಂಜಿಗೆ ಬಂದರು, ಯಾರು ತುತ್ತಿಗೊಮ್ಮೆ ನೀರು ಕುಡಿಯುತ್ತಿದ್ದಾರೆ, ಯಾರ ತಟ್ಟೆಯಲ್ಲಿ ಅರ್ಧ ಊಟ ಉಳಿಯುತ್ತಿದೆ ಎಂಬುದನ್ನು ಎಲ್ಲರಿಗಿಂತ ಮೊದಲು ಕಾಣುವವರು ಬಡಿಸುವವರು. ಈ ರಾತ್ರಿ ಬಡಿಸುವಾಗ ಒಮ್ಮೆ ಎಲ್ಲರ ತಟ್ಟೆಗಳನ್ನು ನೋಡಿ. ನಿಮ್ಮ ತಟ್ಟೆಯನ್ನೂ ನೋಡಿಕೊಳ್ಳಿ.